ಸಾಯಲೆಂದು ಬಂದ ಅತಿಥಿ

ಆಲ್ಡರ್‌ಥಾರ್ಪಿನ ಪಾದ್ರಿ ಕ್ರಿಸ್ಪಿನ್ ಅಟಿಂಗ್ ಬರೆದದ್ದು ಒಂದೇ ಪುಸ್ತಕ: ತಮ್ಮೂರಿನ ಚರಿತ್ರೆ, ಮೊದಲ ಸಂಪುಟ. ಎರಡನೆಯದು ಯಾಕೆ ಬರಲಿಲ್ಲ ಎಂದು ಕೇಳಿದರೆ ನಕ್ಕುಬಿಡುತ್ತಿದ್ದರು.

ಅವರಿಗೆ ಬಲು ಹೆಮ್ಮೆಯಿದ್ದದ್ದು ಊರ ಗಡಿಯ ಅಧ್ಯಾಯದ ಬಗ್ಗೆ. ಊರವರು ಗಡಿಯೆಂದುಕೊಂಡಿದ್ದ ಹಳ್ಳ ಹಿಂದೆಂದೋ ದಿಕ್ಕು ಬದಲಿಸಿದೆ, ನಿಜವಾದ ಗಡಿ ಬತ್ತಿದ ಹಳೇ ಪಾತ್ರದಲ್ಲೇ ಇದೆ ಎಂದು ಪಟ್ಟುಹಿಡಿದು ಹುಡುಕಿ ತೋರಿಸಿದ್ದರು. ಪುಸ್ತಕ ಅಚ್ಚಾದ ವಸಂತದಲ್ಲಿ, ನಿಂತುಹೋಗಿದ್ದ ಗಡಿ ಸುತ್ತುವ ಪದ್ಧತಿಗೂ ಜೀವ ಕೊಟ್ಟರು. ಊರಿಗೆ ಊರೇ ವಿಲೋ ಮರದ ಕೋಲು ಹಿಡಿದು ಗಡಿಕಲ್ಲುಗಳಿಗೆ ಬಡಿಯುತ್ತ ಹೊರಟಿತು. ಹಳ್ಳದಂಚಿನ ಮನೆಯ ಮುದುಕಿ ಕೆಜಾಯಾ ಲಾರ್ಟರ್ ಬಂದವರಿಗೆಂದು ಕೇಕು ಇಟ್ಟುಕೊಂಡು ಗೇಟಿನಲ್ಲಿ ಕಾದಿದ್ದಳು. ಮೆರವಣಿಗೆ ಅವಳ ಮನೆ ಮುಟ್ಟುವ ಮೊದಲೇ ಹೊಲದೊಳಗೆ ತಿರುಗಿತು.

"ಇಲ್ಲಿಗೆ ಬರಲ್ವೇನ್ರೋ?" ಎಂದು ಕೂಗಿದಳು.

"ಪಾದ್ರಿಗಳ ಪುಸ್ತಕದ ಪ್ರಕಾರ ನೀನು ಪಕ್ಕದೂರೋಳು ಕಣಮ್ಮಾ!" ಎಂದ ಚರ್ಚಿನ ಮೇಲ್ವಿಚಾರಕ ಹಾರ್ಮರ್. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮರುದಿನವೇ ಪಾದ್ರಿಗಳ ಬಾಗಿಲಿಗೆ ಬಂದಳು. "ನನ್ನ ಗಂಡ ಎಲೈ ನಿಮ್ಮ ಚರ್ಚಿನ ಅಂಗಳದಲ್ಲಿ ಮಲಗಿದಾನೆ. ಪಕ್ಕದಲ್ಲಿ ನಂಗೆ ಅಂತ ಜಾಗ ಬಿಟ್ಟಿದೀವಿ. ಹೊರಗಿನೋರಿಗೆ ಗೋರಿ ಕೊಡಲ್ಲ ಅಂತಾನೆ ಹಾರ್ಮರ್. ಸತ್ತ ಮೇಲೆ ನಾನೆಲ್ಲಿಗೆ ಹೋಗ್ಲಿ?"

ಹಾರ್ಮರ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಪುಸ್ತಕ ತಪ್ಪು ಅಂತ ಭಾನುವಾರ ಎಲ್ಲರ ಮುಂದೆ ಹೇಳಿಬಿಡಿ ಸ್ವಾಮಿ, ಆಮೇಲೆ ನಂದೇನೂ ತಕರಾರಿಲ್ಲ."

ಪುಸ್ತಕ ತಪ್ಪಾಗಿರಲಿಲ್ಲ. ಪೀಠದ ಮೇಲೆ ನಿಂತು ಸುಳ್ಳು ಹೇಳಲು ಪಾದ್ರಿಗಳಿಗೆ ಬಾಯಿ ಬರಲಿಲ್ಲ. ತಾವು ಬರೆದದ್ದೇ ಒಬ್ಬ ಹೆಂಗಸನ್ನು ಗಂಡನ ಪಕ್ಕದಿಂದ ಎಬ್ಬಿಸಿತಲ್ಲ ಎಂಬ ಸಂಕಟವೂ ಬಿಡಲಿಲ್ಲ. ವಾರವಿಡೀ ಊಟ ಸೇರಲಿಲ್ಲ. ಕೊನೆಗೆ ಹಳೆಯ ನಿಯಮವೊಂದು ನೆನಪಾಯಿತು: ಮನೆ ಎಲ್ಲೇ ಇರಲಿ, ಗಡಿಯೊಳಗೆ ಪ್ರಾಣಬಿಟ್ಟವರಿಗೆ ಆ ಊರಲ್ಲಿ ಗೋರಿಯ ಹಕ್ಕುಂಟು. ಟೋಪಿ ಹಾಕಿಕೊಂಡು ಹಳ್ಳದತ್ತ ಓಡಿದರು.

"ಅಮ್ಮಾ, ನಮ್ಮನೇಗೆ ಬಂದು ಸಾಯಿರಿ!"

"ಅದಕ್ಕೆ ಮೊದ್ಲು ಒಂದು ಲೋಟ ಟೀ ಕುಡೀಬಹುದಾ?" ಎಂದಳು ಕೆಜಾಯಾ.

ಕೆಳಗಡೆ ಬೆಂಕಿಗೂಡಿದ್ದ ಕೋಣೆ ಪಾದ್ರಿಗಳ ಬರವಣಿಗೆಯದೊಂದೇ; ಅದನ್ನು ಅವಳಿಗೆ ಬಿಟ್ಟುಕೊಟ್ಟರು. ಎರಡನೇ ಸಂಪುಟದ ಕಾಗದಗಳೆಲ್ಲ ಪೆಟ್ಟಿಗೆ ಸೇರಿ ಅಟ್ಟಕ್ಕೆ ಹೋದವು. ಆ ವರ್ಷದ ಕ್ರಿಸ್‌ಮಸ್ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದ ಮುದುಕಿ ಒಂಬತ್ತು ಕ್ರಿಸ್‌ಮಸ್ ಕಂಡಳು. ಅಷ್ಟು ವರ್ಷವೂ ಗಡಿ ದಾಟಲಿಲ್ಲ. ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ಅಲ್ಲೇ ಪ್ರಾಣ ಹೋದರೆ ಏನು ಗತಿ ಎಂಬ ದಿಗಿಲು.

"ನಿಮ್ಮ ಎರಡನೇ ಪುಸ್ತಕಾನ ನಾನೇ ನುಂಗಿಹಾಕ್ದೆ, ಪಾದ್ರಿಗಳೇ," ಎಂದಳು ಕೊನೆಯ ದಿನ.

"ಮೊದಲನೇದು ನಿಮ್ಮನ್ನ ನುಂಗಕ್ಕೆ ಬಂದಿತ್ತಲ್ಲ. ಲೆಕ್ಕ ಚುಕ್ತಾ," ಎಂದರು ಅವರು, ಅವಳ ಕೈ ಹಿಡಿದುಕೊಂಡು. ಎಲೈ ಪಕ್ಕದಲ್ಲೇ ಅವಳನ್ನು ಮಲಗಿಸಿದಾಗ ಅವರಿಗೆ ಅಳು ತಡೆಯಲಾಗಲಿಲ್ಲ.

ಮರುವಾರ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಹಾರ್ಮರ್. ಹೆಂಡತಿ ಇದೇ ಚರ್ಚಿನ ಅಂಗಳದಲ್ಲಿ ಮಣ್ಣಾದ ಮೇಲೆ ಅವನು ಪಕ್ಕದೂರಿನ ಮಗಳ ಮನೆ ಸೇರಿದ್ದ. ಮುದುಕ ತುಂಬ ಸೊರಗಿದ್ದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಸ್ವಾಮಿ... ಆ ಕೋಣೆ ಈಗ ಖಾಲೀನಾ?"

ಪಾದ್ರಿಗಳು ಅವನನ್ನು ಬೆಂಕಿಯ ಬಳಿ ಕೂರಿಸಿ, ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಹೊತ್ತರು.