ಸೀರಿಯಲ್ ಮುಗಿದರೆ ಅಣ್ಣನ ಜೊತೆ ಮಾತು ಹೇಗೆ?

ನಿಮ್ಮ ಮನೆಯಲ್ಲಿ ಯಾರಾದರೂ ಸೀರಿಯಲ್ ಮುಗಿಯುತ್ತದೆ ಅಂತ ಊಟ ಬಿಟ್ಟಿದ್ದಾರಾ? ನಾನು ಬಿಟ್ಟೆ. ಕಳೆದ ವಾರದ ಸೋಮವಾರ.

ನಮ್ಮ ಏಳೂವರೆ ಸೀರಿಯಲ್ ನಡೆಯುತ್ತಿದ್ದಾಗ ಪರದೆಯ ಕೆಳಗೆ ಒಂದು ಪಟ್ಟಿ ಓಡಿತು. ಇದು ಕೊನೆಯ ವಾರವಂತೆ. ಮುಂದಿನ ಸೋಮವಾರದಿಂದ ಅದೇ ಹೊತ್ತಿಗೆ ಯಾವುದೋ ಹಾಡಿನ ಸ್ಪರ್ಧೆಯಂತೆ. ಮುದ್ದೆ ಮುರಿದು ಉಪ್ಸಾರಿಗೆ ಅದ್ದಿದ್ದೆ. ಬಾಯಿಗೆ ಹೋಗಲಿಲ್ಲ.

ಚಾಮರಾಜನಗರದ ನಮ್ಮ ಬೀದಿಗೆಲ್ಲ ನನ್ನ ಸೀರಿಯಲ್ ಹುಚ್ಚು ಗೊತ್ತು. (ಈ ಅಂಕಣ ಓದುವ ನಿಮಗೂ ಗೊತ್ತು. ಹೆಸರು ಮಾತ್ರ ಬರೆಯುವುದಿಲ್ಲ. ಚಾನೆಲ್ಲಿನವರಿಗೆ ಪುಕ್ಕಟೆ ಪ್ರಚಾರ ಯಾಕೆ?) ನಾಯಕಿ ಎರಡು ಸಲ ಸತ್ತು ಬದುಕಿದ್ದಾಳೆ. ಒಮ್ಮೆ ನೆನಪು ಕಳೆದುಕೊಂಡು ಕಟ್ಟಿಕೊಂಡ ಗಂಡನನ್ನೇ ನೀವ್ಯಾರು ಅಂತ ಕೇಳಿದ್ದಾಳೆ. ಅವಳ ಅತ್ತೆ ಮಲಗುವಾಗಲೂ ರೇಷ್ಮೆ ಸೀರೆ ಬಿಚ್ಚುವುದಿಲ್ಲ, ಕಾಸಿನ ಸರ ತೆಗೆಯುವುದಿಲ್ಲ. ಎಲ್ಲ ಗೊತ್ತು ಸ್ವಾಮಿ. ಸುಳ್ಳು ಅಂತ ಗೊತ್ತಿದ್ದೇ ನೋಡುವುದು. ಗಂಡಸರು ಸೋಫಾದಲ್ಲಿ ಕೂತು ಬೌಲರ್‌ಗೆ ಬುದ್ಧಿ ಹೇಳಿದರೆ ಅದು ಕ್ರಿಕೆಟ್ ಪ್ರೇಮ. ನಾವು ಆ ಅತ್ತೆಗೆ ನಾಲ್ಕು ಬೈದರೆ ಅದು ಹುಚ್ಚು. ಇದ್ಯಾವ ನ್ಯಾಯ?

"ಮುಗಿದರೆ ಮುಗೀಲಿ ಬಿಡೆ, ಇನ್ನೊಂದು ನೋಡು" ಅಂದರು ನಮ್ಮ ಯಜಮಾನರು. ಬಸ್ಸು ತಪ್ಪಿಸಿಕೊಂಡವರಿಗೆ ಹೇಳಿದ ಹಾಗೆ. ನನ್ನ ಸಂಕಟ ಏನು ಅಂತ ಅವರಿಗೆ ಗೊತ್ತಿಲ್ಲವೇ? ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಪೇಪರ್ ಓದುವುದರಲ್ಲಿ ಅವರು ಪಂಡಿತರು.

ಸಂಕಟ ನಮ್ಮಣ್ಣನದ್ದು. ಹೇಳ್ತೀನಿ ಕೇಳಿ.

ನನ್ನ ತವರು ಗುಂಡ್ಲುಪೇಟೆ ಕಡೆಯ ಭೀಮನಬೀಡು. ಅಲ್ಲಿ ಅಣ್ಣ, ಗೌರತ್ತಿಗೆ, ಅವರ ಮಗ ಕುಮಾರ. ಅರಿಸಿನ ಬೆಳೆಯುತ್ತಾರೆ, ಚೆಂಡುಹೂ ಬೆಳೆಯುತ್ತಾರೆ. ಹೂವಿನ ಕಾಲದಲ್ಲಿ ಕೇರಳದ ಲಾರಿ ಹೊಲದ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಚೆನ್ನಾಗಿದ್ದಾರೆ. ನನ್ನ ಮಗಳು ಸಿಂಧು ಹುಟ್ಟಿದಾಗ ಅಣ್ಣ ತೊಟ್ಟಿಲ ಪಕ್ಕ ನಿಂತು, "ಇವ್ಳು ನಮ್ಮನೆ ಸೊಸೆ ಕಣಮ್ಮಿ" ಅಂದಿದ್ದ. ನಮ್ಮ ಕಡೆ ಇದನ್ನು ತಮಾಷೆಗೆ ಅನ್ನುವುದಿಲ್ಲ. ತಂಗಿಯ ಮಗಳನ್ನು ತನ್ನ ಮಗನಿಗೆ ಕೇಳುವುದು ಅಣ್ಣನಾದವನ ಹಕ್ಕು. ಸೋದರ ಸಂಬಂಧ ಅಂದರೆ ಸುಮ್ಮನೆಯಾ?

ಸಿಂಧು ಬೆಳೆದಳು. ಓದಿದಳು. ಬದನಗುಪ್ಪೆಯ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದಳು. ಅಣ್ಣ, ಅತ್ತಿಗೆ, ಕುಮಾರ ಹಣ್ಣು ಹೂವು ಹಿಡಿದು ಹೆಣ್ಣು ಕೇಳಲು ಬಂದರು. ಹುಡುಗಿ ಮಾವನ ಎದುರೇ ಕೂತು ಹೇಳಿದಳು, "ಮಾವ, ಕುಮಾರ ನಂಗೆ ಅಣ್ಣ ಇದ್ದಂಗೆ. ನನ್ನ ಜುಟ್ಟು ಹಿಡ್ದು ಕಣದ ತುಂಬ ಎಳೆದಾಡಿದವನನ್ನ ಮದುವೆ ಆಗೋಕಾಗುತ್ತಾ?" ಕುಮಾರ ಪಕ್ಕೆಂದು ನಕ್ಕುಬಿಟ್ಟ. ಅಣ್ಣ ನಗಲಿಲ್ಲ. ಎದ್ದ, ಚಪ್ಪಲಿ ಮೆಟ್ಟಿದ, ಹೊಸಿಲ ಆಚೆ ನಿಂತು, "ಇನ್ಮ್ಯಾಲೆ ನಿಂಗೂ ನಂಗೂ ಮಾತಿಲ್ಲ ಕಣಮ್ಮಿ" ಅಂದ. ಆಡಿದ ಮಾತು ಉಳಿಸಿಕೊಳ್ಳುವುದರಲ್ಲಿ ನಮ್ಮಣ್ಣನನ್ನು ಬಿಟ್ಟರಿಲ್ಲ.

ಗೌರತ್ತಿಗೆ ಜಾಣೆ. ಮಾತು ಬಿಟ್ಟವನು ಅವಳ ಗಂಡ, ಅವಳಲ್ಲವಲ್ಲ! ದಿನಾ ಏಳೂವರೆ ಸೀರಿಯಲ್ಲಿನ ಮೊದಲ ಜಾಹೀರಾತಿಗೆ ಸರಿಯಾಗಿ ಫೋನ್ ಮಾಡುತ್ತಾಳೆ. ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೊಂಡರೆ ಸೀರಿಯಲ್ ಮುಗಿಯುವವರೆಗೂ ಹಾಗೇ. ಬೇರೆ ಮಾತಿಲ್ಲ, ಬರೀ ಸೀರಿಯಲ್. ಅಲ್ಲೇ ಕುರ್ಚಿಯಲ್ಲಿ ಅಣ್ಣ. ನನ್ನ ಜೊತೆ ಮಾತಾಡುವುದಿಲ್ಲ, ಟಿ.ವಿ. ಜೊತೆ ಮಾತಾಡುತ್ತಾನೆ.

"ಲೇ ದಡ್ಡಿ, ಆ ಹಾಲ ಕುಡೀಬ್ಯಾಡ ಕಣೆ!"

"ಕುಡೀತಾಳೆ ನೋಡ್ತಿರಣ್ಣ" ಅಂತೀನಿ ನಾನು.

"ಕುಡಿಯಾಕಿಲ್ಲ ಅನ್ನು ಅವಳ್ಗೆ" ಅಂತಾನೆ ಅವನು, ಹೆಂಡತಿಗೆ.

ಸೀರಿಯಲ್ ಬಗ್ಗೆ ಆಡಿದ್ದು ಮಾತಾಡಿದ ಲೆಕ್ಕಕ್ಕಿಲ್ಲ. ಅಣ್ಣನ ಹಟ ಹಟದ ಜಾಗದಲ್ಲಿತ್ತು. ನನಗೆ ದಿನಾ ಅವನ ಗಂಟಲು ಕೇಳುತ್ತಿತ್ತು. ಅವನಿಗೆ ಕೆಮ್ಮು ಬಂದರೂ ನನಗೆ ಇಲ್ಲಿ ತಿಳಿಯುತ್ತಿತ್ತು.

ಈಗ ಸಿಂಧುಗೆ ಬೇಗೂರಿನ ಹುಡುಗನ ಜೊತೆ ಮದುವೆ ನಿಶ್ಚಯವಾಗಿದೆ. ಸುದ್ದಿ ಅಣ್ಣನ ಕಿವಿಗೂ ಬಿದ್ದಿದೆ. ಲಗ್ನಪತ್ರಿಕೆ ಅಚ್ಚಾಗಿ ಬಂದಿದೆ. ನಮ್ಮಲ್ಲಿ ಧಾರೆಗೆ ಮುಂಚೆ ಹೆಣ್ಣಿನ ಕೈ ಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಅವನು ಬರದಿದ್ದರೆ ವರಸೆಯಲ್ಲಿ ಮಾವನಾಗುವ ಯಾರನ್ನೋ ತಂದು ನಿಲ್ಲಿಸುತ್ತಾರೆ. ಸಿಂಧು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾಳೆ. ಮಾವ ಬರದಿದ್ದರೆ ಒಬ್ಬಳೇ ನಡೆದುಕೊಂಡು ಹೋಗುತ್ತಾಳಂತೆ, ಬೇರೆ ಯಾರ ಕೈಯನ್ನೂ ಹಿಡಿಯುವುದಿಲ್ಲವಂತೆ.

ಹೋಗಿ ಕರೆಯಬೇಕು. ಮೊದಲ ಪತ್ರಿಕೆ ತವರಿಗೇ ಹೋಗಬೇಕು, ಕುಂಕುಮವಿಟ್ಟು ಕೈಯಾರೆ ಕೊಡಬೇಕು. ಆದರೆ ನನಗೆ ಭಯ. ಬರಲ್ಲ ಅಂತ ಬಾಯಿಬಿಟ್ಟು ಅಂದುಬಿಟ್ಟರೆ? ಆಮೇಲೆ ಸೀರಿಯಲ್ ಮಾತಿಗೂ ಕಲ್ಲು ಬಿತ್ತು. ಇವತ್ತು ಬೇಡ, ನಾಳೆ ಅಂತ ಮುಂದೂಡುತ್ತಿದ್ದೆ. ಹೇಗೂ ಸಂಜೆ ಫೋನ್ ಬರುತ್ತದಲ್ಲ! ಅಷ್ಟರಲ್ಲಿ ಆ ಚಾನೆಲ್ಲಿನವರು ಅದಕ್ಕೂ ಕತ್ತರಿ ಹಾಕಿದರು.

ಮಂಗಳವಾರದ ಸಂಚಿಕೆ. ಸೀರಿಯಲ್ಲಿನಲ್ಲೂ ಮದುವೆ ಮನೆ. (ಕೊನೆಯ ವಾರ ಮದುವೆ ಮಾಡದೆ ಯಾವ ಸೀರಿಯಲ್ ಮುಗಿದಿದೆ?) ಹೆಣ್ಣಿನ ತಾಯಿ ದೇವರ ಮುಂದೆ ಕೂತು ಅಳುತ್ತಿದ್ದಾಳೆ, ಮುನಿಸಿಕೊಂಡ ಅಣ್ಣ ಬರುತ್ತಾನೋ ಇಲ್ಲವೋ ಅಂತ. ಫೋನಿನಲ್ಲಿ ನಮ್ಮಣ್ಣನ ಗಂಟಲು ಏರಿತು.

"ಅಳ್ತಾ ಕೂತ್ಗಂಡವ್ಳಲ್ಲ ಈಯಮ್ಮ! ಅಣ್ಣನ ಮನೆ ಬಾಗ್ಲಿಗೆ ಬಂದು ಕರದ್ರೆ ಅವ್ನು ಬರಾಕಿಲ್ಲ ಅಂದಾನಾ?"

ನಾನು ಫೋನಿನ ಕಡೆ ತಿರುಗಿದೆ. ಇದು ಟಿ.ವಿ.ಗೆ ಹೇಳಿದ್ದಾ? ಖಂಡಿತ ಅಲ್ಲ. ನನಗೇ ಹೇಳಿ ಕಳಿಸಿದ್ದಾನೆ ಅಂತ ತೀರ್ಮಾನ ಮಾಡಿಬಿಟ್ಟೆ.

ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ್ದೇ ಬಂತು. ಬುಧವಾರ ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಲೆಯ ಮೇಲೆ ಹಾಲಿಟ್ಟು ಅದನ್ನು ಫ್ರಿಜ್ಜಿನಲ್ಲಿ ಹುಡುಕಿದೆ. ಯಜಮಾನರನ್ನು ಕರೆದರೆ, "ನನ್ನ ಮುಖ ನೋಡಿದ್ರೆ ಭಾವ ಇನ್ನೂ ಉರಿದುಕೊಳ್ತಾರೆ, ನೀನೇ ಹೋಗು" ಅಂದರು. ಮಧ್ಯಾಹ್ನ ಸ್ಟೀಲ್ ತಟ್ಟೆ, ಎಲೆಅಡಿಕೆ, ಅರಿಸಿನ ಕುಂಕುಮ, ಪತ್ರಿಕೆ ಎಲ್ಲ ಬ್ಯಾಗಿಗೆ ತುಂಬಿಕೊಂಡೆ. ಹೊರಟೆ, ವಾಪಸ್ ಬಂದೆ, ಮತ್ತೆ ಹೊರಟೆ. ಹೀಗಾಡಿ ಗುಂಡ್ಲುಪೇಟೆ ಬಸ್ಸು ಹತ್ತುವ ಹೊತ್ತಿಗೆ ಸಂಜೆ. ತೆರಕಣಾಂಬಿಯಲ್ಲಿ ಡ್ರೈವರ್ ಟೀ ಕುಡಿಯಲು ಇಳಿದಾಗ ನಾನೇ ಹೋಗಿ ಸ್ಟೇರಿಂಗ್ ಹಿಡಿಯಬೇಕು ಅನ್ನಿಸಿತು.

ಗುಂಡ್ಲುಪೇಟೆಯಲ್ಲಿ ಆಟೋ ಹಿಡಿದೆ. "ಏಳೂವರೆಗೆ ಮುಂಚೆ ಭೀಮನಬೀಡು ಸೇರಿಸಪ್ಪ, ಸೀರಿಯಲ್ ಶುರುವಾಗುತ್ತೆ" ಅಂದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ. "ನಮ್ಮ ಮನೇಲೂ ಅಮ್ಮೀಜಾನ್ ಅದನ್ನೇ ನೋಡೋದು ಮೇಡಂ. ಮುಗೀತದಂತೆ ಅಂತ ಎರಡು ದಿನದಿಂದ ಯಾರ ಹತ್ರಾನೂ ಸರಿಯಾಗಿ ಮಾತಾಡ್ತಾ ಇಲ್ಲ."

ತವರಿನ ಬಾಗಿಲು ತೆರೆದೇ ಇತ್ತು. ಒಳಗೆ ಸೀರಿಯಲ್ ಶುರುವಾಗಿತ್ತು. ಅತ್ತಿಗೆ ನನ್ನನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಣ್ಣ ತಿರುಗಲಿಲ್ಲ.

"ಕೂತ್ಗ ಅನ್ನು. ಟಿ.ವಿ.ಗೆ ಅಡ್ಡ ನಿಂತವ್ಳೆ" ಅಂದ, ಹೆಂಡತಿಗೆ.

ಕೂತೆ. ಕುಮಾರ ಹೊರಗೆ ಹೋಗಿದ್ದ. ಮೂವರೂ ಪರದೆ ನೋಡಿದೆವು. ನಾನು ಏನು ನೋಡಿದೆನೋ ಆ ಮಾದಪ್ಪನಿಗೇ ಗೊತ್ತು. ಜಾಹೀರಾತು ಬಂತು. ಸೋಪು, ಟೂತ್‌ಪೇಸ್ಟ್. ನಾನು ತಟ್ಟೆ ತೆಗೆದೆ.

"ನೀನೇ ಅಂದ್ಯಲ್ಲಣ್ಣ, ಬಾಗ್ಲಿಗೆ ಬಂದು ಕರೀಬೇಕು ಅಂತ. ಬಂದಿವ್ನಿ." (ತವರಿನ ಹೊಸಿಲು ದಾಟಿದರೆ ನನ್ನ ಪೇಟೆ ಕನ್ನಡ ಎಲ್ಲಿ ಹೋಗುತ್ತದೋ!)

ಅಣ್ಣ ಗರಕ್ಕನೆ ತಿರುಗಿದ. "ನಾನ್ಯಾವಾಗಮ್ಮಿ ಅಂದೆ?"

"ನೆನ್ನೆ. ಫೋನ್ನಲ್ಲಿ."

"ಅದು ಆ ಟಿ.ವಿ.ಲಿದ್ದ ಹೆಂಗ್ಸಿಗೆ ಅಂದದ್ದು ಕಣಮ್ಮಿ! ನಿಂಗಲ್ಲ!"

ಆಗಿದ್ದು ಇಷ್ಟು. ಅವನು ನಿಜವಾಗಿಯೂ ಟಿ.ವಿ.ಗೇ ಹೇಳಿದ್ದ. ನಾನು ಅದು ನನಗೇ ಅಂತ ನಂಬಿ ಬಸ್ಸು ಹತ್ತಿ ಬಂದಿದ್ದೆ. ಯಾರಿಗೆ ಹೇಳಿಕೊಳ್ಳಲಿ? ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

"ಹೆಣ್ಣು ಕೊಡ್ನಿಲ್ಲ ಅಂದ್ರೆ ನಾನು ನಿನ್ ತಂಗಿ ಅಲ್ವಾ? ಆ ಬಣ್ಣ ಬಳ್ಕಂಡೋಳ ಮಗ್ಳ ಮದ್ವೆಗೆ ಸೋದರಮಾವ ಬರ್ಲಿ ಅಂತ ಬಾಯ್ ಬಡ್ಕತೀಯೆ. ಇಲ್ಲಿ ನಿನ್ ಸ್ವಂತ ತಂಗಿ ಮಗ್ಳು, ಮಾವ ಬರ್ದಿದ್ರೆ ಯಾರ ಕೈನೂ ಹಿಡಿಯಾಕಿಲ್ಲ ಅಂತ ಕೂತವ್ಳೆ. ಅವಳಿಗೇನ್ ಹೇಳ್ಲಿ ನಾನು?"

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣ ನೆಲ ನೋಡುತ್ತ ಕೇಳಿದ, "ನನ್ ಮಗ್ನಲ್ಲಿ ಏನಮ್ಮಿ ಕೊರತೆ ಇತ್ತು?"

"ಏನೂ ಇಲ್ಲ ಕಣಣ್ಣ. ಅವನಂಥ ಹುಡ್ಗ ಎಲ್ಲವ್ನೆ? ಅವ್ನೇ ನಕ್ಬುಟ್ನಲ್ಲ ಅವತ್ತು, ನೀನು ನೋಡ್ನಿಲ್ವಾ?"

"ನೋಡ್ದೆ. ಊರ್ಗೆಲ್ಲಾ ಹೇಳ್ಬುಟ್ಟಿದ್ದೆ ಕಣಮ್ಮಿ, ತಂಗಿ ಮಗ್ಳನ್ನೇ ಸೊಸೆಯಾಗಿ ತತ್ತೀನಿ ಅಂತ. ಅವ್ರ ಮುಂದೆ ಹೆಂಗ್ ತಲೆ ಎತ್ಕಂಡ್ ತಿರ್ಗನ?"

ಇಷ್ಟು ದಿನ ಅವನನ್ನು ಹಟಮಾರಿ ಅಂದುಕೊಂಡಿದ್ದೆ. ಪಾಪ, ಅವಮಾನದಲ್ಲಿ ಬೇಯುತ್ತಿದ್ದ. ನನಗೂ ಅಳು ಬಂದುಬಿಟ್ಟಿತು. ಸೀರಿಯಲ್ ಮತ್ತೆ ಶುರುವಾಗಿ ನಾಯಕಿ ಏನೋ ಕಿರುಚುತ್ತಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ. ಅಣ್ಣ ರಿಮೋಟ್ ತೆಗೆದುಕೊಂಡು ಟಿ.ವಿ. ಆರಿಸಿದ.

"ಬಂದಿದ್ದೀಯಲ್ಲ. ಕರಿ ಮತ್ತೆ" ಅಂದ.

ಅತ್ತಿಗೆಯ ಹಣೆಗೆ ಕುಂಕುಮ ಇಟ್ಟೆ. ಅವಳೂ ನನಗೆ ಇಟ್ಟಳು. ಅಣ್ಣ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಬರುತ್ತೀನಿ ಅನ್ನಲಿಲ್ಲ. "ನೋಡನ" ಅಂದ. ಅಷ್ಟೇ!

ನೋಡನ ಅಂದರೆ ಏನರ್ಥ? ನಮ್ಮ ಕಡೆ ಗಂಡಸರು ಹ್ಞೂಂ ಅನ್ನುವುದಕ್ಕೂ ಅದೇ ಹೇಳುತ್ತಾರೆ, ಉಹ್ಞೂಂ ಅನ್ನುವುದಕ್ಕೂ ಅದೇ. ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಬಸ್ಸಿಗೆ ಬಿಡುವಾಗಲೂ ಅವನು ಬಾಯಿ ಬಿಡಲಿಲ್ಲ. ಗುರುವಾರ, ಶುಕ್ರವಾರ ಅತ್ತಿಗೆಯ ಫೋನ್ ಬಂತು, ಅಣ್ಣನ ಗಂಟಲು ಕೇಳಲಿಲ್ಲ. ಕೊನೆಯ ಸಂಚಿಕೆಯನ್ನು ಅವಸರ ಅವಸರವಾಗಿ ಮುಗಿಸಿದರು. ಕೆಟ್ಟವರೆಲ್ಲ ಒಟ್ಟಿಗೆ ಒಳ್ಳೆಯವರಾದರು. ಬೇರೆ ದಿನವಾಗಿದ್ದರೆ ಇಡೀ ಅಂಕಣ ಅದಕ್ಕೇ ಮೀಸಲಿಡುತ್ತಿದ್ದೆ.

ಮೊನ್ನೆ ಸೋಮವಾರ ಏಳೂವರೆ. ಟಿ.ವಿ.ಯಲ್ಲಿ ಯಾರೋ ಹಾಡುತ್ತಿದ್ದರು. ಫೋನ್ ಸುಮ್ಮನಿತ್ತು. ನಾನು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ. "ಕೂತ್ಕೊಳೆ, ನೆಲ ಸವೆದು ಹೋಗುತ್ತೆ" ಅಂದರು ಯಜಮಾನರು. ಮೊದಲ ಜಾಹೀರಾತು ಬಂದು ಹೋಯಿತು. ಎರಡನೆಯದೂ ಹೋಯಿತು. ಸಿಂಧು ನನ್ನ ಮುಖ ನೋಡಿ ಪಕ್ಕ ಬಂದು ನಿಂತಳು.

ಫೋನ್ ಹೊಡೆದುಕೊಂಡಿತು. ಅತ್ತಿಗೆಯದಲ್ಲ. ಅಣ್ಣನ ನಂಬರ್.

"ಅಮ್ಮಿ" ಅಂದ. ಕೆಮ್ಮಿದ. "ಹಸೆಗೆ ಕರ್ಕಂಡ್ ಬರೋವಾಗ ಹೆಣ್ಣಿನ ಬಲಗೈ ಹಿಡೀಬೇಕಾ, ಎಡಗೈಯಾ?"

ಇಷ್ಟೊಂದು ಸೀರಿಯಲ್ ಮದುವೆಗಳನ್ನು ನೋಡಿ ಕಣ್ಣೀರು ಹಾಕಿದ ಮನುಷ್ಯನಿಗೆ ಇಷ್ಟೂ ಗೊತ್ತಾಗಬಾರದೇ?