ಗೋಮಾಳಕ್ಕೆ ಬಂದ ನೀತಿಶಾಸ್ತ್ರ

ಮುನಿಗಾನಹಳ್ಳಿಯಲ್ಲಿ ಗಡಿಯಾರ ನೋಡಿ ಏಳುವವರು ಕಡಿಮೆ. ಬೆಳಗಿನ ಜಾವ ಗೋಮಾಳದ ಕಡೆಯಿಂದ "ಸಾವಧಾನ್" ಎಂಬ ಅಬ್ಬರ ಕೇಳಿದರೆ ಹಾಲು ಕರೆಯುವ ಹೊತ್ತಾಯಿತು ಅಂತ ಲೆಕ್ಕ. ಅಬ್ಬರಿಸುವವನು ಮಿಲಿಟ್ರಿ ರಾಮಾಂಜಿನಪ್ಪ. ಸೇನೆಗೆ ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಕಲಿಸುತ್ತ, ಬೈಯುತ್ತ, ಕಪ್ಪೆ ಕುಪ್ಪಳ ಹಾಕಿಸುತ್ತ ಹವಾಲ್ದಾರನಾಗಿ, ಪಿಂಚಣಿಯೊಂದಿಗೆ ಊರಿಗೆ ಮರಳಿದವನು. ಯುದ್ಧ ನೋಡಿದವನಲ್ಲ. ಹಾಗಂತ ಯಾರಾದರೂ ಕೆಣಕಿದರೆ, "ಯುದ್ಧಕ್ಕೆ ಹೋದೋರ್ನ ರೆಡಿ ಮಾಡಿದ್ದು ಯಾರ್ಲಾ?" ಎಂದು ಕೇಳಿ, ಉತ್ತರವನ್ನೂ ತಾನೇ ಹೇಳಿ ಮುಗಿಸುತ್ತಿದ್ದ.

ಸಾಲು ತಪ್ಪಿದ ಯಾವುದನ್ನು ಕಂಡರೂ ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಮನೆಯ ಮುಂದಿನ ಚಪ್ಪಲಿ, ಅಡುಗೆಮನೆಯ ಲೋಟ, ಕೊಟ್ಟಿಗೆಯ ಹಸು, ಎಲ್ಲವೂ ಒಂದೇ ಗೆರೆಯಲ್ಲಿ ಇರಬೇಕು. "ಹಸೂಗೂ ಅಭ್ಯಾಸ ಆಗೋಗದೆ, ನಂಗೇ ಇನ್ನೂ ಆಗಿಲ್ಲ" ಎನ್ನುತ್ತಿದ್ದಳು ಹೆಂಡತಿ ಪಾಪಮ್ಮ.

ವಿಮಾನ ನಿಲ್ದಾಣ ದಾಟಿ, ಆವತಿ ಊರಿನಿಂದ ಆಚೆಗೆ ಹೋದರೆ ಈಗ ಹೊಲಕ್ಕಿಂತ ಬಡಾವಣೆಯ ಕಮಾನುಗಳೇ ಜಾಸ್ತಿ. ರಾಗಿ ಬೆಳೆದ ಜಾಗದಲ್ಲಿ ಗೋದಾಮು, ದ್ರಾಕ್ಷಿ ಚಪ್ಪರದ ಜಾಗದಲ್ಲಿ ಮದುವೆ ಮಂಟಪ. ಮುನಿಗಾನಹಳ್ಳಿಗೆ ಬಯಲು ಅಂತ ಉಳಿದಿದ್ದು ಗೋಮಾಳ ಒಂದೇ. ದನಗಳು ಕೊಟ್ಟಿಗೆಯಲ್ಲೇ ಮೇಯುವ ಕಾಲವಾದ್ದರಿಂದ ಅಲ್ಲಿ ರಾಮಾಂಜಿನಪ್ಪ ಹುಡುಗರನ್ನು ಮೇಯಿಸುತ್ತಿದ್ದ. ಸೇನಾ ಭರ್ತಿಗೆ ತಯಾರಾಗುವ ಹತ್ತಾರು ಹುಡುಗರು, ಅವರ ಜೊತೆಗೆ ಒಬ್ಬಳೇ ಹುಡುಗಿ, ಸಿಂಚನ. ಗುಲಾಬಿ ತೋಟದಲ್ಲಿ ಹೂ ಕಟಾವು ಮಾಡುವ ಮುನಿಲಕ್ಷ್ಮಮ್ಮನ ಮಗಳು. ಮಿಲಿಟರಿ ಪೊಲೀಸಿಗೆ ಸೇರಬೇಕೆಂದು ಹಟ ಹಿಡಿದವಳು, ಓಟಕ್ಕೆ ಬಿಟ್ಟರೆ ಹುಡುಗರು ಅವಳ ಬೆನ್ನು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಮುಂದಿನ ಭರ್ತಿಯಲ್ಲಿ ಅವಳು ಆಯ್ಕೆಯಾಗಿಯೇ ಆಗುತ್ತಾಳೆಂದು ರಾಮಾಂಜಿನಪ್ಪ ನಂಬಿದ್ದ. ಅದಕ್ಕೆ ಬೇಕಾಗಿದ್ದು ಅವಳ ಕಾಲು ಮತ್ತು ಆ ಬಯಲು. ಬಯಲಿನ ಮೇಲೆ ಅವನಿಗೆ ಯಾವ ಹಕ್ಕೂ ಇರಲಿಲ್ಲ. ಊರವರು ಸುಮ್ಮನಿದ್ದರು, ಅದೇ ಅನುಮತಿ.

ಇಂಥ ಹೊತ್ತಿನಲ್ಲಿ ಡಾಕ್ಟರ್ ಪ್ರಮೋದಾ ಕಾರಿನಲ್ಲಿ ಬಂದಿಳಿದರು. ಹೆದ್ದಾರಿ ಪಕ್ಕದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನೀತಿಶಾಸ್ತ್ರ ಪಾಠ ಮಾಡುವವರು. 'ಸೇನಾ ತರಬೇತಿ: ನೈತಿಕತೆ, ತಂತ್ರಜ್ಞಾನ ಮತ್ತು ಸಾಮಾಜಿಕ ಸವಾಲುಗಳು' ಎಂಬ ಸಂಶೋಧನೆಗೆ ಅವರಿಗೆ ಅನುದಾನ ಸಿಕ್ಕಿತ್ತು. ಅನುದಾನ ಕೈಗೆ ಬಂದಮೇಲೆ ಸೇನಾ ತರಬೇತಿ ಎಲ್ಲಿ ನಡೆಯುತ್ತದೆಂದು ಹುಡುಕಲು ಹೊರಟಿದ್ದರು. ನಿಜವಾದ ತರಬೇತಿ ಕೇಂದ್ರದವರು ಗೇಟಿನಿಂದಲೇ ಕೈಮುಗಿದು ಕಳಿಸಿದ್ದರು.

"ನಮಗೆ ನಿಮ್ಮಂಥ ಫೀಲ್ಡ್ ಎಕ್ಸ್‌ಪರ್ಟೇ ಬೇಕಾಗಿದ್ದು ಸರ್" ಎಂದರು ಪ್ರಮೋದಾ.

ರಾಮಾಂಜಿನಪ್ಪ ಜೀವಮಾನವಿಡೀ ಮೇಲಿನವರಿಗೆ ಸರ್ ಅಂದವನು. ಓದಿದ ಹೆಣ್ಣುಮಗಳೊಬ್ಬರು ತನಗೇ ಸರ್ ಅಂದಾಗ ಅವನು ಅರ್ಧ ಸೋತ. ಉಳಿದರ್ಧ, ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ ವೇದಿಕೆ ಮೇಲೆ ಕೂರಿಸುತ್ತೇವೆ ಅಂದಾಗ. ಸಂಜೆ ಪಾಪಮ್ಮನಿಗೆ ಹೇಳಿದ, "ನಂದು ಇನ್ಮೇಲೆ ಬರೀ ಕೋಚಿಂಗ್ ಅಲ್ಲ ಕಣೆ, ಸಂಶೋಧನೆ." ಸಂಶೋಧನೆ ಅಂದರೇನು ಎಂದು ಅವಳು ಕೇಳಿದಳು. ನಾಳೆ ಗೊತ್ತಾಗುತ್ತದೆ ಎಂದ.

ಮರುದಿನ ಗೊತ್ತಾಯಿತು, ಇಡೀ ಊರಿಗೇ. ಓಡುವವರ ಹೆಜ್ಜೆಯ ಅಂತರ ಅಳೆಯಲು ಪ್ರಮೋದಾ ಡ್ರೋನ್ ತಂದಿದ್ದರು. ಅದು ಗುಂಯ್ ಎಂದು ಗೋಮಾಳದ ಮೇಲೆ ಎದ್ದಿತು. ಬೇರೆ ಸೀಮೆಯಾಗಿದ್ದರೆ ಮಕ್ಕಳು ಕೇಕೆ ಹಾಕಿಕೊಂಡು ಹಿಂದೆ ಓಡುತ್ತಿದ್ದವೇನೋ. ಈ ಸೀಮೆಯಲ್ಲಿ ಆಕಾಶದಲ್ಲಿ ಡ್ರೋನ್ ಕಂಡರೆ ಭೂಸ್ವಾಧೀನ ಅಂತಲೇ ಅರ್ಥ. ಪಕ್ಕದೂರಿನಲ್ಲಿ ಮೊದಲು ಡ್ರೋನ್ ಬಂತು, ಆಮೇಲೆ ಹಳದಿ ಬಣ್ಣದ ಸರ್ವೆ ಕಲ್ಲು ಬಂತು, ಆಮೇಲೆ ನೋಟೀಸು. ಡೇರಿಯ ಮುಂದೆ ಹಾಲಿನ ಕ್ಯಾನು ಬಿಟ್ಟವರು ಬಿಟ್ಟಲ್ಲಿಂದಲೇ ಓಡಿಬಂದರು. ತೋಟದ ಹೆಂಗಸರು ಹೂ ಕತ್ತರಿಸುವ ಕತ್ತರಿ ಹಿಡಿದುಕೊಂಡೇ ಬಂದರು.

"ರಾಮಾಂಜಿನಪ್ಪಣ್ಣ, ಎಷ್ಟಕ್ಕೆ ಮಾತಾಯ್ತು?" ಎಂದ ಕೆಂಪರಾಜು. ಅವನು ಪಂಚಾಯಿತಿ ಸದಸ್ಯ, ಬಿಡುವಿನಲ್ಲಿ ಸೈಟ್ ಬ್ರೋಕರ್. ಬಿಡುವೇ ಜಾಸ್ತಿ. ತನ್ನನ್ನು ಬಿಟ್ಟು ಊರಿನಲ್ಲಿ ಇನ್ನೊಬ್ಬ ವ್ಯವಹಾರ ಕುದುರಿಸಿದ್ದಕ್ಕೆ ಅವನಿಗೆ ನಿಜವಾಗಿ ನೋವಾಗಿತ್ತು.

ಪ್ರಮೋದಾ ಮುಂದೆ ಬಂದು, ಇದು ಜಮೀನು ಅಳೆಯುವುದಲ್ಲ, ಹೆಜ್ಜೆ ಅಳೆಯುವುದು ಎಂದು ವಿವರಿಸಿದರು.

"ಹೆಜ್ಜೆ ಅಳ್ಯಕ್ಕೆ ಆಕಾಶಕ್ಕೆ ಯಾಕವ್ವ ಹೋಗ್ಬೇಕು? ಟೇಪ್ ಇಲ್ವಾ?" ಎಂದಳು ಮುನಿಲಕ್ಷ್ಮಮ್ಮ.

ಕೊನೆಗೆ ಊರು ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಊರದೇವತೆ ಸಪ್ಪಲಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ ರಾಮಾಂಜಿನಪ್ಪ ಆಣೆ ಮಾಡಬೇಕು. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಹೇಳಿದ ಮಾತು ಸುಳ್ಳಾದರೆ ಅಮ್ಮ ಬಿಡುವುದಿಲ್ಲ ಎಂಬುದು ಅಲ್ಲಿಯ ನಂಬಿಕೆ. ರಾಮಾಂಜಿನಪ್ಪ ಹಿಂದೆಮುಂದೆ ನೋಡಲಿಲ್ಲ. "ಇವರಿಂದ ಗೋಮಾಳದ ಒಂದಿಂಚು ಮಣ್ಣೂ ಹೋಗಲ್ಲ, ನನ್ನ ಮಾತು ಇದು" ಎಂದು ಕರ್ಪೂರದ ಮೇಲೆ ಕೈ ಒತ್ತಿದ. ಜನ ಚದುರಿದರು. ಪ್ರಮೋದಾ ಇದನ್ನೆಲ್ಲ ವಿಡಿಯೋ ಮಾಡಿಕೊಂಡು 'ದೇಸೀ ಸಮ್ಮತಿ ಪದ್ಧತಿ' ಎಂಬ ಹೊಸ ಅಧ್ಯಾಯವನ್ನೇ ಸೇರಿಸಿಕೊಂಡರು.

ಡ್ರೋನ್ ಆದಮೇಲೆ ಪ್ರಶ್ನಾವಳಿ ಬಂತು. ಹುಡುಗರೂ ತುಂಬಬೇಕು, ಊರವರೂ ತುಂಬಬೇಕು. 'ಸ್ವಾಯತ್ತ ಮಾರಕ ಶಸ್ತ್ರಾಸ್ತ್ರ ವ್ಯವಸ್ಥೆಗಳ ನೈತಿಕ ಹೊಣೆಗಾರಿಕೆಯು ಮಾನವಕೇಂದ್ರಿತವಾಗಿರತಕ್ಕದ್ದು' ಎಂಬಂಥ ಮಾತುಗಳು, ಎದುರಿಗೆ ಐದೈದು ಚೌಕ. 'ಬಲವಾಗಿ ಒಪ್ಪುತ್ತೇನೆ'ಯಿಂದ ಹಿಡಿದು 'ಬಲವಾಗಿ ವಿರೋಧಿಸುತ್ತೇನೆ'ವರೆಗೆ. ಕನ್ನಡದಲ್ಲೇ ಇತ್ತು, ಆದರೆ ಆ ಕನ್ನಡ ಯಾರ ಮನೆಯದೂ ಅಲ್ಲ. ಹಾಲು ಹಾಕಿ ಹೋಗುವ ಆತುರದಲ್ಲಿದ್ದ ಜನ ಕಂಡಕಂಡ ಚೌಕದಲ್ಲಿ ಗುರುತು ಹಾಕಿದರು. ಆ ಹಾಳೆಗಳನ್ನು ನೋಡಿ ರಾಮಾಂಜಿನಪ್ಪನಿಗೆ ಮೈ ಉರಿದುಹೋಯಿತು. ಒಂದು ಗುರುತು ಇಲ್ಲಿ, ಒಂದು ಅಲ್ಲಿ, ಸೇನೆಗೆ ಸೇರಿದ ಮೊದಲ ದಿನ ಹುಡುಗರು ನಿಂತ ಹಾಗೆ. ಇಂಥ ಕಾಗದ ವಿಶ್ವವಿದ್ಯಾಲಯಕ್ಕೆ ಹೋದರೆ ಯಾರ ಮಾನ ಹೋಗುತ್ತದೆ?

"ಮೊದಲ್ನೇ ಖಾನೆ. ಎಲ್ಲಾ ಟಿಕ್ಕೂ ಮೊದಲ್ನೇ ಖಾನೆ. ಮೇಲಿಂದ ಕೆಳಗೆ ಒಂದೇ ಲೈನ್" ಎಂದು ಅಪ್ಪಣೆ ಮಾಡಿದ. ಸೊಟ್ಟ ಹಾಳೆಗಳನ್ನು ಹರಿದು ಹೊಸವನ್ನು ಕೊಟ್ಟ. ಸಂಜೆಯ ಹೊತ್ತಿಗೆ ಇಡೀ ಊರಿನ ಅಭಿಪ್ರಾಯ ಗಣರಾಜ್ಯೋತ್ಸವದ ಪರೇಡಿನಂತೆ ನೆಟ್ಟಗೆ ನಿಂತಿತು. ತರಬೇತಿಯಲ್ಲಿ ದೈಹಿಕ ಶಿಕ್ಷೆ ಅತ್ಯಗತ್ಯ ಎಂಬುದನ್ನೂ ಊರು ಬಲವಾಗಿ ಒಪ್ಪಿತ್ತು, ದೈಹಿಕ ಶಿಕ್ಷೆ ಅಮಾನವೀಯ ಎಂಬುದನ್ನೂ ಬಲವಾಗಿ ಒಪ್ಪಿತ್ತು.

ನೀತಿಶಾಸ್ತ್ರದ ಮೇಡಂ ಹಾಳೆಗಳ ಕಟ್ಟು ತಿರುವಿ ನೋಡಿದರು. ಅವರೇನು ಕೆಟ್ಟವರಲ್ಲ. ಇದು ಸರಿಯಲ್ಲ ಎಂದು ಅವರಿಗೆ ಹೊಳೆದೂ ಇತ್ತು. ಆದರೆ ಸಮ್ಮೇಳನ ಹತ್ತಿರ ಬಂದಿತ್ತು, ಬಡ್ತಿಯೂ ಅದರ ಬೆನ್ನಿಗೇ ನಿಂತಿತ್ತು. "ಡೇಟಾ ತುಂಬಾ ಕನ್ಸಿಸ್ಟೆಂಟಾಗಿದೆ ಸರ್" ಎಂದು ಕಟ್ಟನ್ನು ಕಾರಿನಲ್ಲಿಟ್ಟುಕೊಂಡರು. ರಾಮಾಂಜಿನಪ್ಪ ಅದನ್ನು ಹೊಗಳಿಕೆ ಎಂದುಕೊಂಡ, ಅದು ಹೊಗಳಿಕೆಯೇ ಆಗಿತ್ತು.

ಸಮ್ಮೇಳನದಲ್ಲಿ ಅವನಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮಾತನಾಡಲು ಕೊಟ್ಟಿದ್ದ ಸಮಯ ಅವನು ಶಿಸ್ತು ಎಂಬ ಶಬ್ದ ಹೇಳಿ ಮುಗಿಸುವಷ್ಟರಲ್ಲಿ ಆಗಿಹೋಯಿತು. ಆದರೂ ಚಪ್ಪಾಳೆ ಬಿತ್ತು. ಹಿಂದಿನ ದೊಡ್ಡ ಪರದೆಯ ಮೇಲೆ ಡ್ರೋನ್ ತೆಗೆದ ಗೋಮಾಳದ ಚಿತ್ರವಿತ್ತು. ಮಟ್ಟಸವಾದ ಬಯಲು, ಒಂದು ಕಡೆ ರಸ್ತೆ, ದೂರದಲ್ಲಿ ಇಳಿಯುತ್ತಿರುವ ವಿಮಾನ. ನಮ್ಮ ಗೋಮಾಳ ಇಷ್ಟು ಚೆನ್ನಾಗಿದೆಯೇ ಎಂದು ರಾಮಾಂಜಿನಪ್ಪ ತಿರುಗಿ ತಿರುಗಿ ನೋಡಿದ. ಮುಂದಿನ ಸಾಲಿನಲ್ಲಿ ಕೂತಿದ್ದ ಆಡಳಿತ ಮಂಡಳಿಯವರಿಗೂ ಹಾಗೇ ಅನ್ನಿಸಿತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಹುಡುಗರು ಬಯಲಿಗೆ ಹೋದರೆ ನೀಲಿ ತಗಡಿನ ಬೇಲಿ ಎದ್ದಿತ್ತು. ಒಳಗೆ ಜೆಸಿಬಿ. ಹೊರಗೆ ಫಲಕ: 'ಸೇನಾ ನೀತಿಶಾಸ್ತ್ರ ಮತ್ತು ತಂತ್ರಜ್ಞಾನ ಅಧ್ಯಯನ ಕೇಂದ್ರದ ನಿವೇಶನ. ಅತಿಕ್ರಮ ಪ್ರವೇಶ ಶಿಕ್ಷಾರ್ಹ.' ಸರ್ಕಾರದ ಜಮೀನು, ಸರ್ಕಾರವೇ ವಿಶ್ವವಿದ್ಯಾಲಯಕ್ಕೆ ಮಂಜೂರು ಮಾಡಿತ್ತು. ಸಿಂಚನ ಬೂಟಿನ ದಾರ ಕಟ್ಟಿಕೊಂಡು ತಗಡಿನ ಮುಂದೆ ನಿಂತಿದ್ದಳು.

ರಾಮಾಂಜಿನಪ್ಪ ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿದ.

"ನನಗೂ ಗೊತ್ತಿರ್ಲಿಲ್ಲ ಸರ್, ಮ್ಯಾನೇಜ್‌ಮೆಂಟ್ ಡಿಸಿಷನ್" ಎಂದರು ಪ್ರಮೋದಾ. ಅದು ಸುಳ್ಳಲ್ಲ, ಅವರಿಗೂ ಗೊತ್ತಾಗಿದ್ದು ತಾವು ಆ ಕೇಂದ್ರದ ನಿರ್ದೇಶಕಿ ಎಂಬ ಆದೇಶ ಕೈಗೆ ಬಂದಾಗಲೇ. "ಆದ್ರೆ ಕೊನೇ ಪ್ರಶ್ನೆ ಅದೇ ಇತ್ತಲ್ಲ ಸರ್. ಇಲ್ಲಿ ಶಾಶ್ವತ ಕೇಂದ್ರ ಬರೋದನ್ನ ಸ್ವಾಗತಿಸ್ತೀರಾ ಅಂತ. ನಿಮ್ಮೂರೋರೆಲ್ಲ ಬಲವಾಗಿ ಒಪ್ಪಿದೀರ. ಅದನ್ನೇ ಅರ್ಜಿ ಜೊತೆ ಇಟ್ಟಿದಾರೆ."

"ನಮ್ಮ ಮಕ್ಕಳು ಎಲ್ಲಿ ಓಡ್ಬೇಕು ಮೇಡಂ?"

"ಎರಡನೇ ಹಂತದಲ್ಲಿ ಸಿಮ್ಯುಲೇಟರ್ ಬರ್ತಿದೆ ಸರ್. ನಿಂತಲ್ಲೇ ಓಡ್ಬೋದು."

ಅವತ್ತು ಸಂಜೆ ರಾಮಾಂಜಿನಪ್ಪ ಯಾರೂ ಕರೆಯದೆ ತಾನೇ ಗುಡಿಯ ಮುಂದೆ ಹೋಗಿ ನಿಂತ. ಬೈಯಲಿ, ಬೇಕಾದರೆ ಹೊಡೆಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದ. "ಕರ್ಪೂರ ಆರ್ಸಿದ್ದು ನಾನೇ. ನಂಗೆ ಗೊತ್ತಿರ್ಲಿಲ್ಲ. ಮೋಸ ಹೋದೆ" ಎಂದ.

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಂಪರಾಜು ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದ. "ಬಿಡಣ್ಣ, ನಾವೇನು ಹೊರಗಿನೋರಾ? ನಾನೂ ಇದೇ ಫೀಲ್ಡಲ್ಲಿ ಇರೋನು. ಇಷ್ಟು ನೀಟಾಗಿ ಯಾರೂ ಮಾಡಿಲ್ಲ." ಅವನ ಧ್ವನಿಯಲ್ಲಿ ನಿಜವಾದ ಗೌರವವಿತ್ತು.

ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಪೇಟ ತೊಡಿಸಿಕೊಂಡು ಬಂದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಮ್ಮ ಅವನಿಗೇನೂ ಮಾಡದಿದ್ದುದನ್ನು ನೋಡಿ, ಅವಳಿಗೂ ಏನೋ ಮುಟ್ಟಿರಬೇಕು ಎಂದು ಒಬ್ಬಿಬ್ಬರು ಮಾತಾಡಿಕೊಂಡರು. ಮರುದಿನದಿಂದ ಅವನ ಮನೆಗೆ ಜನ ಬರತೊಡಗಿದರು. ಒಬ್ಬ ಅವರೆಕಾಯಿ ತಂದ, ಇನ್ನೊಬ್ಬ ಚಕ್ಕೋತ ತಂದ. ಕೇಂದ್ರದ ಮೆಸ್ಸಿಗೆ ತರಕಾರಿ ಹಾಕುವುದು ನನಗೇ ಕೊಡಿಸು, ನನ್ನ ಮಗನಿಗೆ ಸೆಕ್ಯೂರಿಟಿ ಕೆಲಸ ಕೊಡಿಸು. ಸೇನೆಗೆಂದು ಅವನು ಹುರಿಗೊಳಿಸಿದ ಹುಡುಗರಲ್ಲಿ ಮೂವರು ಆಗಲೇ ಅಲ್ಲಿ ಸೀಟಿ ಹಿಡಿದು ನಿಂತಿದ್ದರು.

"ಮೋಸ ಹೋದೋನಿಗೆ ಯಾರೂ ಅವರೆಕಾಯಿ ತಂದ್ಕೊಡಲ್ಲ" ಎಂದಳು ಪಾಪಮ್ಮ, ಕಾಯಿ ಸುಲಿಯುತ್ತ. ಅವಳೂ ನಂಬಿರಲಿಲ್ಲ.

ಮುನಿಲಕ್ಷ್ಮಮ್ಮ ಮಗಳನ್ನು ಕರೆದುಕೊಂಡೇ ಬಂದಳು. "ಇವಳಿಗೂ ಒಂದು ಗೇಟ್ ಕೆಲ್ಸ ನೋಡಪ್ಪ. ಓಡಕ್ಕೆ ಇನ್ನ ಜಾಗ ಎಲ್ಲದೆ?" ಎಂದಳು. ಇವಳ ಕಾಲನ್ನು ಗೇಟಿನಲ್ಲಿ ನಿಲ್ಲಿಸುವುದಕ್ಕೆ ತಾನು ಬದುಕಿರಬೇಕೇ ಎಂದು ರಾಮಾಂಜಿನಪ್ಪನಿಗೆ ಅನ್ನಿಸಿತು. ಮುನಿಲಕ್ಷ್ಮಮ್ಮ ಒಳಗೆ ಪಾಪಮ್ಮನ ಹತ್ತಿರ ಹೋದಮೇಲೆ ಸಿಂಚನ ಜಗಲಿಯ ಮೇಲೆ ಉಳಿದಳು.

"ನಿಮಗೆ ಗೊತ್ತಿರ್ಲಿಲ್ಲ ಅಂತ ನಾನು ನಂಬ್ತೀನಿ ಸಾರ್."

ಅವನ ಕಣ್ಣಲ್ಲಿ ನೀರು ಬಂತು. ಇಡೀ ಊರಿನಲ್ಲಿ ಒಬ್ಬಳಾದರೂ ಸಿಕ್ಕಳು.

"ನೀವು ಆ ಪೇಪರ್ ಓದೇ ಇರ್ಲಿಲ್ಲ" ಎಂದಳು ಸಿಂಚನ. "ನಾನು ಓದಿದ್ದೆ. ಕೊನೇದಕ್ಕೆ ಬಲವಾಗಿ ವಿರೋಧಿಸ್ತೀನಿ ಅಂತ ಹಾಕಿದ್ದೆ. ಲೈನ್ ಕೆಟ್ಟೋಯ್ತು ಅಂತ ನೀವು ಹರಿದಾಕಿ ಹೊಸಾದು ಕೊಟ್ರಿ."

ಆ ಹಾಳೆ ಹರಿದದ್ದು ರಾಮಾಂಜಿನಪ್ಪನಿಗೆ ನೆನಪೂ ಇರಲಿಲ್ಲ. ಎಷ್ಟೋ ಹರಿದಿದ್ದ. "ಯಾಕಮ್ಮ ಅವತ್ತೇ ಹೇಳ್ಲಿಲ್ಲ?" ಎಂದ.

"ಎದುರು ಮಾತಾಡಿದ್ರೆ ಕಪ್ಪೆ ಕುಪ್ಪಳ ಹಾಕಿಸ್ತಿದ್ರಿ" ಎಂದಳು ಅವಳು, ಸಿಟ್ಟಿಲ್ಲದೆ.

ಅವರೆಕಾಯಿ ಎಲ್ಲವನ್ನೂ ಅವನು ಅವತ್ತೇ ವಾಪಸು ಕಳಿಸಿದ. ಇನ್ನೂ ದೊಡ್ಡದೇನೋ ಕೇಳುತ್ತಿದ್ದಾನೆ ಎಂದು ಊರು ತಿಳಿದುಕೊಂಡಿತು.

ಈಗ ಬೆಳಗ್ಗೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಸಿಂಚನ ಓಡುತ್ತಾಳೆ. ವಿಮಾನ ಹಿಡಿಯುವವರ ಟ್ಯಾಕ್ಸಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರು, ಗೋದಾಮಿನ ಲಾರಿ, ಎಲ್ಲವೂ ಅಲ್ಲೇ ನುಗ್ಗುತ್ತವೆ. ಅವಳ ಹಿಂದೆ ರಾಮಾಂಜಿನಪ್ಪ ಟಿವಿಎಸ್ ಮೊಪೆಡ್ಡಿನ ಹಿಂಬದಿಗೆ ಕೆಂಪು ಟವೆಲು ಕಟ್ಟಿಕೊಂಡು, ಯಾವ ಗಾಡಿಯೂ ಅವಳ ಹತ್ತಿರ ಸುಳಿಯದಂತೆ ರಸ್ತೆಗೆ ಅಡ್ಡವಾಗಿ ನಿಧಾನ ಹೋಗುತ್ತಾನೆ. ಹಿಂದಿನಿಂದ ಹಾರನ್ನು, ಬೈಗುಳ. "ಏ ಮುದ್ಕ, ಸಾಯಕ್ಕೆ ನನ್ ಗಾಡೀನೇ ಬೇಕಾ?" ಎಂದು ಟಿಪ್ಪರಿನವನು ತಲೆ ಹೊರಹಾಕಿ ಕೂಗುತ್ತಾನೆ. ರಾಮಾಂಜಿನಪ್ಪ ತಿರುಗಿ ನೋಡುವುದಿಲ್ಲ, ಬಾಯಿ ಬಿಡುವುದೂ ಇಲ್ಲ. ಎದುರಿಗೆ ಗುಂಡಿ ಕಂಡರೆ ಸಿಂಚನ ಓಡುತ್ತಲೇ ಎಡಗೈ ಚಾಚುತ್ತಾಳೆ, ಅವನು ಎಡಕ್ಕೆ ತಿರುಗಿಸುತ್ತಾನೆ. ಬಲಗೈ ಚಾಚಿದರೆ ಬಲಕ್ಕೆ.