ಇಳಿಯಲು ಎರಡು ತಾಸು, ಹತ್ತಲು ಐದು

ಬೀರಣ್ಣನ ಹತ್ತಿರ ಯಾವ ಊರು ಎಷ್ಟು ದೂರ ಎಂದು ಕೇಳಿದರೂ ಎರಡು ಉತ್ತರ ಬರುತ್ತಿತ್ತು. ಯಲ್ಲಾಪುರದಿಂದ ಅಂಕೋಲೆಗೆ? "ಇಳಿಯೂಕೆ ಒಂದೂವರೆ ತಾಸು, ಹತ್ತೂಕೆ ಎರಡೂಕಾಲು." ರಸ್ತೆ ಬದಿಯ ಕಲ್ಲಿನ ಮೇಲೆ ಕಿಲೋಮೀಟರ್ ಬರೆದಿದೆಯಲ್ಲ ಎಂದರೆ ನಗುತ್ತಿದ್ದ. "ಆ ಕಲ್ಲು ಯಾವತ್ತಾದ್ರೂ ಲೋಡ್ ಹೊತ್ಕಂಡು ಅರಬೈಲ್ ಘಟ್ಟ ಹತ್ತಿದ್ದುಂಟನಾ?"

ಮೂವತ್ತು ವರ್ಷ ಆ ಘಟ್ಟದಲ್ಲಿ ಲಾರಿ ಓಡಿಸಿದವ. ಹಿಂದಿನವರು ಎಷ್ಟೇ ಹಾರನ್ ಹೊಡೆಯಲಿ, ಹತ್ತುವಾಗ ಎರಡನೇ ಗೇರು ಬಿಡುತ್ತಿರಲಿಲ್ಲ. ಲಾರಿಯ ರಿಪೇರಿ ನನ್ನ ಗ್ಯಾರೇಜಿನಲ್ಲೇ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವ. ಆದರೆ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತೇನೆ. ಅದಕ್ಕೇ ಬೀರಣ್ಣನಿಗೆ ಎಲ್ಲದಕ್ಕೂ ನನ್ನ ಮಾತೇ ಬೇಕು.

ದುಬೈಯಲ್ಲಿ ನರ್ಸ್ ಆಗಿದ್ದ ಅವನ ಮಗಳು ಲಲಿತಾ, ತನಗೆ ಹೆರಿಗೆಯಾದ ಮೇಲೆ, ಅಪ್ಪ ಮೊಮ್ಮಗಳನ್ನು ನೋಡಲಿ ಎಂದು ಹೋಗಿಬರುವ ಟಿಕೆಟ್ ಕಳಿಸಿದಳು. ಗೋವಾದಿಂದ ಹತ್ತಕ್ಕೆ ಬಿಟ್ಟರೆ ದುಬೈ ಹನ್ನೆರಡಕ್ಕೆ. ವಾಪಸ್ ಒಂದಕ್ಕೆ ಬಿಟ್ಟರೆ ಗೋವಾ ಆರಕ್ಕೆ.

"ನೋಡಿದ್ಯನಾ ನಾಗಪ್ಪ, ಮೇಲೂ ಘಟ್ಟ ಉಂಟು!"

"ಆಕಾಶದಾಗೆ ಎಂತ ಘಟ್ಟ ಮಾರಾಯ?" ಎಂದೆ. ಬೆರಳೆಣಿಸಿ ನೋಡಿದೆ. ಲೆಕ್ಕ ಅವನು ಹೇಳಿದಂತೆಯೇ ಬಂತು.

ಸ್ಕೂಟರಿನ ಬ್ರೇಕ್ ಸರಿಮಾಡಿಸಲು ಬಂದಿದ್ದ ಮಾಸ್ತರರು ಭೂಮಿ ಹೀಗೆ ತಿರುಗುತ್ತದೆ ಎಂದು ಹಳೇ ಬೇರಿಂಗ್ ಒಂದನ್ನು ತಿರುಗಿಸಿ ತೋರಿಸಿದರು. ದುಬೈಯಲ್ಲಿ ಸೂರ್ಯ ನಮಗಿಂತ ಒಂದೂವರೆ ತಾಸು ತಡವಾಗಿ ಹುಟ್ಟುತ್ತಾನಂತೆ.

"ಸೂರ್ಯ ತಡ ಮಾಡಿದ್ರೆ ವಿಮಾನ ಯಾಕೆ ಬೇಗ ಮುಟ್ಟಬೇಕು ಮಾಸ್ತರೇ?" ಎಂದ ಬೀರಣ್ಣ.

ನಾನು ತಿಳಿದವನಂತೆ ತಲೆಯಾಡಿಸಿದೆ. ತಿಳಿದಿರಲಿಲ್ಲ.

ಮಾಸ್ತರರು ಹೋದ ಮೇಲೆ ಅವನು ದನಿ ತಗ್ಗಿಸಿದ. ಹಿಂದಿನ ವರ್ಷವಷ್ಟೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದ. "ಇಳಿಯೂದು ಇಳೀತೆ. ಹತ್ತಿ ಬರೂಕೆ ಐದು ತಾಸು ಈ ಎಂಜಿನ್ ಎಳೀತದಾ?" ಎಂದು ಎದೆ ಮುಟ್ಟಿಕೊಂಡ. "ನೀನೇ ಹೇಳು."

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. "ಹೋಗು, ಗ್ಯಾರಂಟಿ ನಂದು" ಎಂದೆ.

ಮುಟ್ಟಿದ ದಿನವೇ ಫೋನ್ ಮಾಡಿದ. "ನನ್ನ ವಾಚಿನಾಗೆ ಮೂರೂವರೆ ತಾಸು ಆಯ್ತೋ! ಟಿಕೆಟಿನಾಗೆ ಎರಡೇ ಇತ್ತಲ್ಲ? ಬರೂವಾಗಿನದು ನೋಡ್ಕಂಡು ಹೇಳ್ತೆ." ನನ್ನ ತಲೆ ಇನ್ನಷ್ಟು ಕೆಟ್ಟಿತು. ಉಳಿದ ಒಂದೂವರೆ ತಾಸು ಎಲ್ಲಿಂದ ಬಂತು?

ಹದಿನೆಂಟು ದಿನ ಮೊಮ್ಮಗಳನ್ನು ಆಡಿಸಿದ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟ. ವಾಪಸ್ ಬರುವ ವಿಮಾನ ಇನ್ನೂ ಹತ್ತಿರಲೇ ಇಲ್ಲ. ನನ್ನ ಗ್ಯಾರಂಟಿ ಸುಳ್ಳಾಯಿತೋ ಇಲ್ಲವೋ, ಅದೂ ನನಗೆ ತಿಳಿಯದು.

ಲಲಿತಾ ಬೂದಿ ತಂದಳು. ಗೋವಾದಿಂದ ಕರೆತರಲು ನಾನೇ ಜೀಪು ತೆಗೆದುಕೊಂಡು ಹೋಗಿದ್ದೆ. ಕಾರವಾರ ದಾಟುವವರೆಗೂ ತಡೆದುಕೊಂಡೆ. ಕೊನೆಗೆ ಕೇಳಿಯೇಬಿಟ್ಟೆ.

"ಬರೂಕೆ ಎಷ್ಟು ತಾಸು ಆಯ್ತೇ?"

"ವಾಚು ನೋಡ್ಲಿಲ್ಲ ಮಾವ," ಎಂದಳು. "ಅಪ್ಪನ್ನ ಮಡಿಲಾಗೆ ಇಟ್ಕಂಡು ಕೂತಿದ್ದೆ. ಬಾಳ ಹೊತ್ತಾಯ್ತು."

ಅರಬೈಲ್ ಘಟ್ಟ ಬಂತು. ಎರಡನೇ ಗೇರಿಗೆ ಹಾಕಿದೆ. ಹಿಂದೆ ಒಬ್ಬ ಹಾರನ್ ಹೊಡೆಯುತ್ತಲೇ ಇದ್ದ. ಮೇಲೆ ಮುಟ್ಟುವವರೆಗೂ ಗೇರು ಬದಲಿಸಲಿಲ್ಲ.